ಹಳೆಯ ಸೆಸ್ನಾ 172ರ ಕಾಕ್‌ಪಿಟ್‌ಗೆ ಹೊಸ ಒಳಮೈ: ಬಿಚ್ಚುವುದರಿಂದ ಮರುಜೋಡಣೆಯವರೆಗೆ

ಹಳೆಯ ವಿಮಾನ ಕೊಂಡವರು ಸಾಮಾನ್ಯವಾಗಿ ಮಾಡುವುದು ಹೀಗೆ. ಹಳದಿಗಟ್ಟಿದ ಪ್ಲಾಸ್ಟಿಕ್ ನೋಡಿ ನೋಡಿ ಬೇಸತ್ತು ಸ್ಪ್ರೇ ಡಬ್ಬಿ ತರುತ್ತಾರೆ, ಶನಿವಾರ ಬಣ್ಣ ಹೊಡೆಯುತ್ತಾರೆ, ಭಾನುವಾರ ಜೋಡಿಸಿ ಮುಗಿಸುತ್ತಾರೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೈ ತಾಗುವ ಕಡೆಯೆಲ್ಲ ಬಣ್ಣ ಸಿಪ್ಪೆ ಏಳುತ್ತದೆ, ಮುಚ್ಚಿದ್ದ ಬಿರುಕು ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ, "ಯಾವ ಕಂಪನಿಯ ಬಣ್ಣ ಒಳ್ಳೆಯದು?" ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಳ್ಳೆಯವೇ. ಕೆಲಸ ಕೆಡುವುದು ಡಬ್ಬಿ ಕೈಗೆತ್ತಿಕೊಳ್ಳುವ ಮೊದಲೇ.

ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ನೋಂದಣಿಯಾದ, 1986ಕ್ಕೆ ಮುಂಚೆ ತಯಾರಾದ ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನಗಳಿಗೆ ಅನ್ವಯ. ಇವುಗಳ ಬಾಗಿಲ ಕಂಬದ ಹೊದಿಕೆ, ಗಾಜಿನ ಸುತ್ತಲ ಚೌಕಟ್ಟು, ಮೀಟರುಗಳ ಮುಂದಿನ ಮುಖಹೊದಿಕೆ ಬಹುಪಾಲು ರಾಯಲೈಟ್ ಎಂದು ಕರೆಸಿಕೊಳ್ಳುವ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ತೆಳು ಹಾಳೆ. ವರ್ಷಗಟ್ಟಲೆ ಬಿಸಿಲುಂಡ ಈ ಹಾಳೆ ಬಿಸ್ಕತ್ತಿನಷ್ಟೇ ಗಟ್ಟಿ. ಕೆಲಸವೆಲ್ಲ ಇದನ್ನು ನೆನಪಿಟ್ಟುಕೊಂಡೇ ಆಗಬೇಕು.

ಶುರುವಿಗೆ ಮುನ್ನ: ಈ ಕೆಲಸ ನೀವು ಮಾಡಬಹುದೇ?

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮಾವಳಿಯ 43ನೇ ಭಾಗದ ಅನುಬಂಧ ಎ-ಯಲ್ಲಿ ಮುಂಜಾಗ್ರತಾ ನಿರ್ವಹಣೆಯ ಪಟ್ಟಿ ಇದೆ. ಕಾಕ್‌ಪಿಟ್ ಒಳಗಿನ ಅಲಂಕಾರಿಕ ಬಣ್ಣ, ಸೀಟಿನ ಹೊದಿಕೆ ಮತ್ತು ಒಳಾಂಗಣದ ರಿಪೇರಿ ಎರಡೂ ಅದರಲ್ಲಿವೆ. ಪ್ರೈವೇಟ್ ಪೈಲಟ್ ಅಥವಾ ಅದಕ್ಕಿಂತ ಮೇಲಿನ ಸರ್ಟಿಫಿಕೇಟ್ ಇರುವವರು ತಮ್ಮ ಒಡೆತನದ ಅಥವಾ ತಾವು ನಡೆಸುವ ವಿಮಾನದಲ್ಲಿ ಇದನ್ನು ಮಾಡಬಹುದು. ವಿಮಾನ ಏರ್‌ಲೈನ್ ಅಥವಾ ಚಾರ್ಟರ್ ಸೇವೆಯಲ್ಲಿರಬಾರದು. ಮುಖ್ಯ ಷರತ್ತು ಇನ್ನೊಂದು: ವಿಮಾನದ ಮೂಲ ರಚನೆಯನ್ನಾಗಲಿ, ಯಾವುದೇ ಚಾಲನಾ ವ್ಯವಸ್ಥೆಯನ್ನಾಗಲಿ ಬಿಚ್ಚುವಂತಿಲ್ಲ. ಅಂದರೆ ಯೋಕ್ (ಪೈಲಟ್ ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಕಳಚಿ ಬಣ್ಣ ಹೊಡೆಯುವ ಆಸೆ ಬಿಡಿ. ವೇಗ, ಎತ್ತರದ ಮೀಟರುಗಳಿಗೆ ಹೊರಗಿನ ಗಾಳಿಯ ಒತ್ತಡ ತರುವ ಪಿಟೋ–ಸ್ಟ್ಯಾಟಿಕ್ ಕೊಳವೆ ಕಳಚಿದರೆ ಅದು ಮೆಕ್ಯಾನಿಕ್‌ನ ಕೆಲಸವಾಗುತ್ತದೆ, ಸೋರಿಕೆ ಪರೀಕ್ಷೆಯೂ ತಲೆಗೆ ಬರುತ್ತದೆ.

ಭಾರತದ ವಿಟಿ ನೋಂದಣಿಯ ವಿಮಾನಕ್ಕೆ ಈ ಅಮೆರಿಕನ್ ಸಡಿಲಿಕೆ ಲೆಕ್ಕಕ್ಕಿಲ್ಲ. ಜಕ್ಕೂರಿನಲ್ಲೋ ಬೇರೆ ಕಡೆಯೋ ಹಾರಾಟ ಕಲಿಯುತ್ತಿರುವವರು ಶಾಲೆಯ ವಿಮಾನದ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಅದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪರವಾನಗಿ ಇರುವ ಎಂಜಿನಿಯರುಗಳ ಕೆಲಸ.

ಏನೇನು ಬೇಕು

ಪಾತ್ರೆ ತೊಳೆಯುವ ಸೋಪು, ಮೃದು ಬ್ರಷ್, ನೂಲು ಬಿಡದ ಬಟ್ಟೆ ಧಾರಾಳವಾಗಿ. ಮೇಣ ಮತ್ತು ಸಿಲಿಕೋನ್ ತೆಗೆಯುವ ಕ್ಲೀನರ್, ಕಾರಿನ ಬಣ್ಣದಂಗಡಿಯಲ್ಲಿ ಸಿಗುತ್ತದೆ. ಬೂದುಬಣ್ಣದ ಸ್ಕಾಚ್‌ಬ್ರೈಟ್ ಪ್ಯಾಡ್, 320 ಮತ್ತು 400ರ ಸ್ಯಾಂಡ್‌ಪೇಪರ್, ತೆಳು ಗ್ಲಾಸ್‌ಫೈಬರ್ ಬಟ್ಟೆ, ಅಸಿಟೋನ್, ಎಬಿಎಸ್ ಚೂರು, ವಿನೈಲ್ ಮತ್ತು ಪ್ಲಾಸ್ಟಿಕ್‌ಗೆಂದೇ ಇರುವ ಬಾಗುವ ಗುಣದ ಬಣ್ಣ. ಕಾಂತಗುಣವಿಲ್ಲದ ಸ್ಕ್ರೂಡ್ರೈವರ್ ಒಂದಾದರೂ ಇರಲಿ, ದಿಕ್ಸೂಚಿಯ ಹತ್ತಿರ ಅದನ್ನೇ ಬಳಸಬೇಕು.

ಸುರಕ್ಷತೆಯ ಸಾಮಾನಿನಲ್ಲಿ ಎರಡು ವಿಷಯ ಎಲ್ಲರೂ ತಪ್ಪು ಮಾಡುತ್ತಾರೆ. ಬಟ್ಟೆಯ ಅಥವಾ ಧೂಳಿನ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದು ಇರುವ ಕಾರ್ಟ್ರಿಜ್ ಬೇಕು. ನೀಲಿ ನೈಟ್ರೈಲ್ ಕೈಗವಸು ಅಸಿಟೋನ್ ಮುಂದೆ ಹೆಚ್ಚು ಹೊತ್ತು ನಿಲ್ಲದು, ಬ್ಯುಟೈಲ್ ರಬ್ಬರಿನದು ತನ್ನಿ.

ಹಂತ 1: ಫೋಟೋ, ಪ್ಲಕಾರ್ಡ್ ಪಟ್ಟಿ, ಬ್ಯಾಟರಿ

ಒಂದು ಸ್ಕ್ರೂ ತಿರುಗಿಸುವ ಮುನ್ನ ಕಾಕ್‌ಪಿಟ್‌ನ ಪ್ರತಿ ಅಂಗುಲದ ಫೋಟೋ ತೆಗೆಯಿರಿ. ಪ್ಲಕಾರ್ಡುಗಳನ್ನು, ಅಂದರೆ ಅಂಟಿಸಿದ ಅಥವಾ ಮುದ್ರಿಸಿದ ಸೂಚನಾಫಲಕಗಳನ್ನು, ಅಕ್ಷರ ಓದುವಷ್ಟು ಹತ್ತಿರದಿಂದ ತೆಗೆಯಬೇಕು. ಯಾವ ಟ್ಯಾಂಕಿನಿಂದ ಇಂಧನ ಎಂದು ಆರಿಸುವ ಇಂಧನ ಸೆಲೆಕ್ಟರ್‌ನ ಬರಹ, ಫ್ಲ್ಯಾಪ್‌ನ ಗುರುತು, ಸ್ವಿಚ್ಚುಗಳ ಹೆಸರು, ದಿಕ್ಸೂಚಿಯ ತಿದ್ದುಪಡಿ ಚೀಟಿ ಯಾವುದೂ ಅಲಂಕಾರಕ್ಕಿಲ್ಲ. ನಿಗದಿತ ಪ್ಲಕಾರ್ಡ್ ಇಲ್ಲದ ವಿಮಾನ ಹಾರಿಸುವುದು ನಿಯಮಬಾಹಿರ. ನಿಮ್ಮ ವಿಮಾನದ ಕೈಪಿಡಿಯ ಮಿತಿಗಳ ಅಧ್ಯಾಯ ತೆರೆದಿಟ್ಟು ಒಂದೊಂದನ್ನೂ ಟಿಕ್ ಮಾಡಿ. ಹಿಂದಿನ ಮಾಲೀಕರು ಯಾರೋ ಒಂದೆರಡನ್ನು ಈಗಾಗಲೇ ಬಣ್ಣದಡಿ ಹೂತಿರುವುದು ಸಾಮಾನ್ಯ. ಕೊರತೆ ಇರುವ ಪ್ಲಕಾರ್ಡುಗಳನ್ನು ಈಗಲೇ ಆರ್ಡರ್ ಮಾಡಿ, ಬರಲು ಸಮಯ ಹಿಡಿಯುತ್ತದೆ.

ಮಾಸ್ಟರ್ ಸ್ವಿಚ್ ಆಫ್, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಮುಂಗಾಜು ಮತ್ತು ಕಿಟಕಿಗಳ ಒಳಮೈಗೆ ಮೃದು ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ಗಾಜು ಎನ್ನುತ್ತೇವಷ್ಟೆ, ಅದು ಅಕ್ರಿಲಿಕ್. ಅಸಿಟೋನ್‌ನ ಒಂದು ಹನಿ, ಅಮೋನಿಯಾ ಇರುವ ಮನೆಯ ಗ್ಲಾಸ್ ಕ್ಲೀನರ್ ಕೂಡ, ಕೂದಲೆಳೆಯಂಥ ಬಿರುಕುಗಳ ಬಲೆ ಹೆಣೆದುಬಿಡುತ್ತದೆ. ಹೊಸ ಮುಂಗಾಜಿನ ಬೆಲೆ ವಿಚಾರಿಸಿ ನೋಡಿ, ಬಟ್ಟೆ ತಾನಾಗಿ ಎರಡು ಪದರವಾಗುತ್ತದೆ.

ಹಂತ 2: ಬಿಚ್ಚುವುದು

ಸೀಟು ಮೊದಲು ಹೊರಗೆ. ಸೀಟಿನ ಹಳಿಯ ತುದಿಯಲ್ಲಿ ಸೀಟು ಜಾರಿ ಹೋಗದಂತೆ ತಡೆಯುವ ಸ್ಟಾಪ್‌ಗಳಿರುತ್ತವೆ. ಅವನ್ನು ಬಿಚ್ಚಿದ ಕೂಡಲೇ ಕೆಂಪು ಚೀಟಿ ಕಟ್ಟಿ ಯೋಕ್‌ಗೆ ತೂಗುಹಾಕಿ. ಕಾರಣ ಜೋಡಣೆಯ ಹಂತದಲ್ಲಿದೆ.

ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯುವುದು ಅತಿ ಸಾಮಾನ್ಯ ತಪ್ಪು, ಅತಿ ಅಪಾಯದ್ದೂ ಹೌದು. 172ರ ರೆಕ್ಕೆಯ ಟ್ಯಾಂಕಿನಿಂದ ಇಂಧನದ ಕೊಳವೆ ಕೆಳಗಿಳಿಯುವುದು ಬಾಗಿಲ ಕಂಬದೊಳಗಿಂದಲೇ. ತಲೆಯ ಮೇಲಿನ ಹೊದಿಕೆಯ ಹಿಂದೆ ತಂತಿಗಳಿವೆ, ಕಂಟ್ರೋಲ್ ಕೇಬಲ್‌ಗಳಿವೆ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದದ್ದು ಹಾಕಿದರೆ ಅದರ ಚೂಪು ತುದಿ ಯಾವುದನ್ನು ಕೊರೆಯುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಪ್ರತಿ ಹೊದಿಕೆಗೂ ಬೇರೆ ಜಿಪ್ ಚೀಲ, ಮೇಲೆ ಹೆಸರು ಮತ್ತು ಸಂಖ್ಯೆ. ಒಂದೇ ಹೊದಿಕೆಯಲ್ಲಿ ಎರಡು ಅಳತೆ ಇದ್ದರೆ ರಟ್ಟಿನ ಮೇಲೆ ಅದರ ಚಿತ್ರ ಬರೆದು ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ.

ಪ್ಲಾಸ್ಟಿಕ್ ಬಾರದಿದ್ದರೆ ಎಳೆಯಬೇಡಿ. ಎಲ್ಲೋ ಒಂದು ಸ್ಕ್ರೂ ಕಾರ್ಪೆಟ್ ಅಥವಾ ರಬ್ಬರ್ ಪಟ್ಟಿಯಡಿ ಅಡಗಿರುತ್ತದೆ. ಚಳಿಗಾಲದ ತಣ್ಣನೆಯ ಹ್ಯಾಂಗರ್‌ನಲ್ಲಿ ಈ ಹಾಳೆ ಇನ್ನೂ ಪೆಡಸು. ಹೊದಿಕೆ ಬಂದ ಮೇಲೆ ಹಿಂದಿನ ಲೋಹ ನೋಡಿ. ಒದ್ದೆಯಾದ ಹಳೆಯ ಗ್ಲಾಸ್‌ವುಲ್, ಬಿಳಿ ಪುಡಿಯಂಥ ತುಕ್ಕು, ನೀಲಿ ಇಂಧನದ ಕಲೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಸೀಟು ಹೊರಗಿರುವಾಗ ಹಳಿಗಳನ್ನು ಮೆಕ್ಯಾನಿಕ್‌ಗೆ ತೋರಿಸಿಬಿಡುವುದು ಜಾಣತನ. ಎಫ್‌ಎಎಯ 2011-10-09 ಸಂಖ್ಯೆಯ ಏರ್‌ವರ್ದಿನೆಸ್ ಆದೇಶ, ಅಂದರೆ ಕಡ್ಡಾಯ ಸುರಕ್ಷತಾ ಸೂಚನೆ, ಈ ಹಳಿ ಮತ್ತು ಪಿನ್ನುಗಳ ತಪಾಸಣೆಯ ಕುರಿತಾದದ್ದೇ.

ಹಂತ 3: ತೊಳೆಯುವುದು. ಉಜ್ಜುವ ಮೊದಲು!

ಬಣ್ಣ ಸಿಪ್ಪೆ ಏಳುವ ಮುಕ್ಕಾಲು ದೂರುಗಳ ಮೂಲ ಈ ಹಂತದಲ್ಲಿದೆ ಎಂದೇ ನನ್ನ ಅಭಿಪ್ರಾಯ. ದಶಕಗಳಿಂದ ಯಾರ್ಯಾರೋ ಈ ಪ್ಲಾಸ್ಟಿಕ್‌ಗೆ ಹೊಳಪಿನ ಸ್ಪ್ರೇ ಹೊಡೆದಿರುತ್ತಾರೆ. ಅದರಲ್ಲಿ ಸಿಲಿಕೋನ್ ಇರುತ್ತದೆ. ಮೊದಲೇ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದರೆ ಸಿಲಿಕೋನ್ ಹೋಗುವುದಿಲ್ಲ, ಹೊಸ ಗೀರುಗಳ ಒಳಗೆ ಇಳಿದು ಕೂರುತ್ತದೆ. ಆಮೇಲೆ ಎಷ್ಟು ಒರೆಸಿದರೂ ಅಷ್ಟೇ.

ಕ್ರಮ ಇದು. ಉಗುರು ಬೆಚ್ಚನೆ ನೀರು, ಸೋಪು, ಬ್ರಷ್. ಹೊದಿಕೆಯ ಮೇಲಿನ ಚರ್ಮದಂಥ ಉಬ್ಬುತಗ್ಗಿನ ಒಳಗೆಲ್ಲ ತಿಕ್ಕಿ, ತೊಳೆದು, ಒಣಗಿಸಿ. ನಂತರ ಸಿಲಿಕೋನ್ ತೆಗೆಯುವ ಕ್ಲೀನರ್ ಅನ್ನು ಒಂದು ಬಟ್ಟೆಯಿಂದ ಹಚ್ಚಿ, ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಒಂದೇ ಬಟ್ಟೆಯಲ್ಲಿ ಎರಡೂ ಮಾಡಿದರೆ ಜಿಡ್ಡನ್ನು ಊರೆಲ್ಲ ಹಂಚಿದಂತೆ. ಬಟ್ಟೆ ಕೊಳೆಯಾಗದೆ ಬರುವವರೆಗೆ ಇದೇ ಕೆಲಸ.

ಗೆದ್ದಿರಾ ಎಂದು ತಿಳಿಯಲು ಶುದ್ಧ ನೀರು ಚಿಮುಕಿಸಿ. ನೀರು ತೆಳು ಪರದೆಯಾಗಿ ಹರಡಿ ನಿಂತರೆ ಮುಂದುವರಿಯಿರಿ. ಹನಿ ಹನಿಯಾಗಿ ಮುದುಡಿ ಓಡಿದರೆ ಜಿಡ್ಡು ಇನ್ನೂ ಇದೆ, ಮತ್ತೆ ಮೊದಲಿಂದ.

ಹಂತ 4: ಬಿರುಕು ಕೂಡಿಸುವುದು

ಮೊದಲು ಪ್ಲಾಸ್ಟಿಕ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಿಂಬದಿಯ ಕಾಣದ ಅಂಚಿಗೆ ಅಸಿಟೋನ್ ಅದ್ದಿದ ಹತ್ತಿಕಡ್ಡಿ ಒತ್ತಿ. ಮೆತ್ತಗಾಗಿ ಅಂಟಂಟಾದರೆ ಎಬಿಎಸ್. ಏನೂ ಆಗದಿದ್ದರೆ ಅದು ಬಹುಶಃ ಗ್ಲಾಸ್‌ಫೈಬರಿನ ಬದಲಿ ಹೊದಿಕೆ, ಅದಕ್ಕೆ ಈ ವಿಧಾನ ಹೊಂದದು.

ಬಿರುಕಿನ ಎರಡೂ ತುದಿಗೆ ಸುಮಾರು 3 ಮಿಲಿಮೀಟರಿನ ಸಣ್ಣ ತೂತು ಕೊರೆಯಿರಿ. ಹೊದಿಕೆ ಮೇಜಿನ ಮೇಲಿರುವಾಗ ಮಾತ್ರ! ವಿಮಾನದಲ್ಲಿದ್ದಾಗ ಡ್ರಿಲ್ ಹತ್ತಿರ ತರಬೇಡಿ. ಚೂಪು ತುದಿಗೆ ಒತ್ತಡ ಸೇರುವುದರಿಂದಲೇ ಬಿರುಕು ಮುಂದೆ ಓಡುವುದು. ದುಂಡು ತೂತು ಆ ಒತ್ತಡವನ್ನು ಹಂಚುತ್ತದೆ.

ಲೇಪ ನೀವೇ ತಯಾರಿಸಬಹುದು. ಎಬಿಎಸ್ ಚೂರುಗಳನ್ನು ಲೋಹದ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು ರಾತ್ರಿಯಿಡೀ ಬಿಡಿ. ಜೋನಿಬೆಲ್ಲದ ಹದಕ್ಕೆ ಬರಬೇಕು. ಒಡೆದ ಹಳೆಯ ಹೊದಿಕೆಯ ತುಂಡು ಸಾಕು. ಅದೂ ಇಲ್ಲದಿದ್ದರೆ ಲೆಗೊ ಇಟ್ಟಿಗೆ, ಅದೂ ಎಬಿಎಸ್ಸೇ. ಮಕ್ಕಳಿಗೆ ಹೇಳದೆ ತೆಗೆದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ.

ಮುಂಬದಿಗೆ ಟೇಪ್ ಹಚ್ಚಿ ಬಿರುಕಿನ ಎರಡು ಅಂಚನ್ನು ಸಮಕ್ಕೆ ತನ್ನಿ. ಹಿಂಬದಿಯನ್ನು ಉಜ್ಜಿ ಒರಟು ಮಾಡಿ, ತೆಳುವಾಗಿ ಲೇಪ ಹಚ್ಚಿ, ಮೇಲೆ ಗ್ಲಾಸ್‌ಫೈಬರ್ ಬಟ್ಟೆಯ ಪಟ್ಟಿ ಒತ್ತಿ, ಅದರ ಮೇಲೆ ಮತ್ತೊಂದು ತೆಳು ಲೇಪ. ಪಟ್ಟಿ ಬಿರುಕಿನ ಎರಡೂ ಪಕ್ಕಕ್ಕೆ ಎರಡೆರಡು ಸೆಂಟಿಮೀಟರಾದರೂ ಚಾಚಲಿ. ಮುಂಬದಿಯ ಗೆರೆಯನ್ನು ಹಿಂಬದಿ ಗಟ್ಟಿಯಾದ ಮೇಲಷ್ಟೇ ತುಂಬಬೇಕು. ಮುಂದಿನಿಂದ ಮಾತ್ರ ಪುಟ್ಟಿ ತುಂಬಿದ ಬಿರುಕು ಎಂಜಿನ್ ಶುರುವಾದ ನಡುಕಕ್ಕೇ ಮತ್ತೆ ಕಾಣಿಸಿಕೊಳ್ಳುತ್ತದೆ.

ಎಚ್ಚರಿಕೆಯ ಗುರುತು ಎರಡು. ಹಚ್ಚಿದ ಜಾಗ ಜೋಲು ಬೀಳುತ್ತಿದ್ದರೆ ಲೇಪ ದಪ್ಪವಾಯಿತು, ಅಸಿಟೋನ್ ಹಾಳೆಯನ್ನೇ ಕರಗಿಸುತ್ತಿದೆ; ಹಿಂದಿನಿಂದ ಆಧಾರ ಕೊಟ್ಟು ಗಾಳಿಗಿಡಿ. ಮಾರನೆಯ ದಿನ ಮೂಗಿಟ್ಟು ನೋಡಿದಾಗ ಇನ್ನೂ ವಾಸನೆ ಇದ್ದರೆ ಒಳಗೆ ದ್ರಾವಕ ಉಳಿದಿದೆ. ಅದರ ಮೇಲೆ ಬಣ್ಣ ಹೊಡೆದರೆ ಗುಳ್ಳೆ ಏಳುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ, ಎಷ್ಟು ದಿನವಾದರೂ ಸರಿ.

ಸ್ಕ್ರೂ ತೂತುಗಳ ಸುತ್ತಲ ನಕ್ಷತ್ರದಂಥ ಬಿರುಕಿಗೂ ಇದೇ ಚಿಕಿತ್ಸೆ. ತೂತನ್ನು ಮತ್ತೆ ತೆಗೆಯುವಾಗ ಸ್ಕ್ರೂಗಿಂತ ತುಸು ದೊಡ್ಡದಾಗಿರಲಿ, ಬಿಸಿಲಿಗೆ ಹಾಳೆ ಹಿಗ್ಗುತ್ತದೆ.

ಹಂತ 5: ಹದವಾಗಿ ಉಜ್ಜುವುದು

ರಿಪೇರಿಯಾದ ಗೆರೆಗೆ 320, ಆಮೇಲೆ 400. ಉಳಿದ ಮೈಗೆ ಸ್ಕಾಚ್‌ಬ್ರೈಟ್ ಮಾತ್ರ, ಹೊಳಪು ಮಾಸುವಷ್ಟು. ಎಲ್ಲ ಕಡೆ ಸ್ಯಾಂಡ್‌ಪೇಪರ್ ಹಾಕಿದರೆ ಮೂಲದ ಉಬ್ಬುತಗ್ಗು ಸವೆದು ಅಲ್ಲಲ್ಲಿ ಬೋಳಾಗುತ್ತದೆ, ಬಣ್ಣ ಬಿದ್ದ ಮೇಲೆ ಇನ್ನೂ ಎದ್ದು ಕಾಣುತ್ತದೆ. ರಿಪೇರಿ ಜಾಗ ನುಣುಪಾಗಿ ಉಳಿದರೆ ಅದಕ್ಕೊಂದು ಟೆಕ್ಸ್ಚರ್ ಸ್ಪ್ರೇ ಸಿಗುತ್ತದೆ, ತುಂಡಿನ ಮೇಲೆ ಪ್ರಯೋಗ ಮಾಡಿ ಬಳಸಿ.

ಉಜ್ಜುವುದು ವಿಮಾನದ ಹೊರಗೇ ನಡೆಯಬೇಕು. ವಿಮಾನದ ವಾಲಿಕೆ, ದಿಕ್ಕು ತೋರಿಸುವ, ನಿರ್ವಾತದಿಂದ ನಡೆಯುವ ಗೈರೊ ಮೀಟರುಗಳು ಪ್ಯಾನೆಲ್ ಹಿಂದಿನ ಫಿಲ್ಟರ್ ಮೂಲಕ ಕಾಕ್‌ಪಿಟ್‌ನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಒಳಗೆ ಬಿದ್ದ ಧೂಳು ಮುಂದಿನ ಹಾರಾಟದಲ್ಲಿ ಅಲ್ಲಿಗೇ ಹೋಗುತ್ತದೆ.

ಉಜ್ಜಿದ ಮೇಲೆ ಎರಡು ಬಟ್ಟೆಯ ಒರೆಸುವಿಕೆ ಮತ್ತೊಮ್ಮೆ. ಇಲ್ಲಿಂದ ಮುಂದೆ ಬರಿಗೈ ತಾಗಿಸಬೇಡಿ.

ಹಂತ 6: ಬಣ್ಣ

ಬಾಗಿಲು ತೆರೆದ, ಗಾಳಿಯಾಡುವ, ಬೆಂಕಿಯ ಕಿಡಿ ಇಲ್ಲದ ಜಾಗ. ಹ್ಯಾಂಗರ್‌ನಲ್ಲಿ ವಿಮಾನದ ಇಂಧನ ಆವಿ, ನಿಮ್ಮ ಬಣ್ಣದ ಆವಿ ಎರಡೂ ಸೇರುತ್ತವೆ. ಮೂಲೆಯ ಹೀಟರ್ ಆರಿಸಿದ್ದೀರಾ ನೋಡಿ. ಹೊದಿಕೆ, ಡಬ್ಬಿ, ಗಾಳಿ ಮೂರೂ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಒಳ್ಳೆಯದು.

ಅಂಚುಗಳಿಗೆ ಮೊದಲು, ಆಮೇಲೆ ಮುಖಕ್ಕೆ. ಮೊದಲ ಕೋಟ್ ಮಂಜು ಬಿದ್ದಷ್ಟೇ ಇರಲಿ, ಹಳೆಯ ಬಣ್ಣ ಅದರಡಿ ಕಾಣುತ್ತಲೇ ಇರಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಮುಂದಿನದು. ಮೂರು ನಾಲ್ಕು ತೆಳು ಕೋಟ್‌ಗಳು ಒಂದು ದಪ್ಪ ಕೋಟ್‌ಗಿಂತ ಎಷ್ಟೋ ಗಟ್ಟಿ, ಉಬ್ಬುತಗ್ಗನ್ನೂ ಮುಚ್ಚುವುದಿಲ್ಲ. ಎಲ್ಲ ಹೊದಿಕೆಗಳನ್ನೂ ಒಂದೇ ಬ್ಯಾಚಿನ ಡಬ್ಬಿಗಳಿಂದ ಹೊಡೆಯಿರಿ, ಇಲ್ಲದಿದ್ದರೆ ಎಡ ಬಲದ ಛಾಯೆ ಬೇರೆಯಾಗಿ ಪ್ರತಿ ಹಾರಾಟದಲ್ಲೂ ಕಣ್ಣಿಗೆ ಚುಚ್ಚುತ್ತದೆ.

ಮೀನಿನ ಕಣ್ಣಿನಂಥ ದುಂಡು ಕುಳಿಗಳು ಕಂಡರೆ ಸಿಲಿಕೋನ್ ಉಳಿದಿದೆ. ಮೇಲೆ ಇನ್ನಷ್ಟು ಬಣ್ಣ ಹೊಡೆದು ಮುಚ್ಚಲು ಹೋಗಬೇಡಿ, ಒರೆಸಿ ತೆಗೆದು ಹಂತ 3ಕ್ಕೆ ಹಿಂತಿರುಗಿ. ಮೈ ಮರಳಿನಂತೆ ಒರಟಾಗಿದ್ದರೆ ತೀರಾ ದೂರದಿಂದ ಹೊಡೆದಿದ್ದೀರಿ.

ಮುಟ್ಟಿದರೆ ಒಣಗಿದಂತಿರುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಕೆಲವು ದಿನ ಬಿಡಿ. ಆತುರಪಟ್ಟರೆ ಪ್ರತಿ ಸ್ಕ್ರೂ ಸುತ್ತಲೂ ವಾಷರಿನ ಬಳೆ ಒತ್ತಿ ಕೂರುತ್ತದೆ.

ಹಂತ 7: ಬಿಚ್ಚಲಾಗದ ಲೋಹದ ಪ್ಯಾನೆಲ್

ಕಾಕ್‌ಪಿಟ್ ಒಳಗೆ ಸ್ಪ್ರೇ ಮಾಡಬೇಡಿ. ಎಷ್ಟೇ ಟೇಪ್ ಹಚ್ಚಿದರೂ ಬಣ್ಣದ ಮಂಜು ತೂರಿಕೊಳ್ಳುತ್ತದೆ. ಸರ್ಕ್ಯೂಟ್ ಬ್ರೇಕರ್‌ನ ಗುಂಡಿಯ ಸುತ್ತ ಬಣ್ಣ ಸೇರಿದರೆ ಅದು ಟ್ರಿಪ್ ಆಗಬೇಕಾದಾಗ ಆಗದಿರಬಹುದು. ಎಂಜಿನ್‌ನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್, ಇಂಧನ–ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ದಂಡಕ್ಕೆ ಸೇರಿದರೆ ಜಾರುವುದು ಬಿಗಿಯಾಗುತ್ತದೆ.

ಉದುರಿದ ಜಾಗಗಳನ್ನಷ್ಟೇ ಹಗುರವಾಗಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಿಂದ ಆಗಲೇ ಎತ್ತಿ, ಅಲ್ಯೂಮಿನಿಯಂಗೆ ಹಿಡಿಯುವ ಪ್ರೈಮರನ್ನು ಸಣ್ಣ ಬ್ರಷ್‌ನಿಂದ ಹಚ್ಚಿ, ಆಮೇಲೆ ಮ್ಯಾಟ್ ಬಣ್ಣ. ಮಿಕ್ಸ್ಚರ್ ಗುಬುಟದ ಕೆಂಪು ಕೆಂಪಾಗಿಯೇ ಉಳಿಯಬೇಕು. ಒಳಾಂಗಣಕ್ಕೆ ಮ್ಯಾಚ್ ಆಗಲಿ ಎಂದು ಅದನ್ನೂ ಬೂದು ಮಾಡಿದ ಪುಣ್ಯಾತ್ಮರಿದ್ದಾರೆ.

ಹಂತ 8: ಗ್ಲೇರ್‌ಶೀಲ್ಡ್

ಮುಂಗಾಜಿನಡಿಯ ಈ ಚಾಚು ಮ್ಯಾಟ್ ಕಪ್ಪಾಗಿಯೇ ಇರಬೇಕು. ತಿಳಿಬಣ್ಣವಾಗಲಿ ಹೊಳಪಾಗಲಿ ಮುಂಗಾಜಿನಲ್ಲಿ ಪ್ರತಿಫಲಿಸಿ ಎದುರಿನ ವಿಮಾನವನ್ನೇ ಮರೆಮಾಡಬಲ್ಲದು. ಹೊಸ ಬಟ್ಟೆ ಅಥವಾ ವಿನೈಲ್ ಹೊದಿಸುವುದಾದರೆ ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಇರುವ ವಿಮಾನದ ಸಾಮಗ್ರಿಯನ್ನೇ ಕೊಳ್ಳಿ, ಪತ್ರವನ್ನು ದಾಖಲೆಗಳ ಜೊತೆ ಇಡಿ. ಸೋಫಾ ಅಂಗಡಿಯ ಬಟ್ಟೆ ಬೇಡ. ದಿಕ್ಸೂಚಿಯ ಸುತ್ತಮುತ್ತ ಹಿತ್ತಾಳೆಯ ಸ್ಕ್ರೂ ಇದ್ದರೆ ಹಿತ್ತಾಳೆಯದೇ ವಾಪಸ್ ಹೋಗಲಿ, ಉಕ್ಕು ಹಾಕಿದರೆ ದಿಕ್ಕು ತಪ್ಪುತ್ತದೆ.

ಹಂತ 9: ಜೋಡಣೆ

ಹೊದಿಕೆಯ ಎಲ್ಲ ಸ್ಕ್ರೂಗಳನ್ನು ಸಡಿಲವಾಗಿ ಹಾಕಿ, ಹಾಳೆ ತನ್ನ ಜಾಗಕ್ಕೆ ಕೂತ ಮೇಲೆ ಕೈಯಿಂದಲೇ ಬಿಗಿಯಿರಿ. ವಿದ್ಯುತ್ ಸ್ಕ್ರೂಡ್ರೈವರ್ ಬೇಡ. ಹಾಳೆ ಅಲುಗದಿದ್ದರೆ ಸಾಕು, ಅದಕ್ಕಿಂತ ಬಿಗಿಸಿದ ಕಡೆಯೇ ಹೊಸ ಬಿರುಕು ಹುಟ್ಟುವುದು. ಚೀಲದಲ್ಲಿ ಸ್ಕ್ರೂ ಮಿಕ್ಕರೆ ಅಥವಾ ಕಡಿಮೆ ಬಿದ್ದರೆ ಹುಡುಕಿ ಮುಗಿಸುವವರೆಗೆ ವಿಮಾನ ಹಾರುವಂತಿಲ್ಲ. ನೆಲದಡಿ ಬಿದ್ದ ಸ್ಕ್ರೂ ಕಂಟ್ರೋಲ್ ಕೇಬಲ್‌ನ ರಾಟೆಗೆ ಸಿಕ್ಕಿಕೊಳ್ಳಬಹುದು.

ಸೀಟು ಹಾಕಿದ ಮೇಲೆ ಯೋಕ್‌ಗೆ ತೂಗುಹಾಕಿದ್ದ ಸ್ಟಾಪ್‌ಗಳು ಹಳಿಗೆ ವಾಪಸ್ ಹೋಗಲಿ. ಸೀಟಿನಲ್ಲಿ ಕುಳಿತು ಕಾಲಿನಿಂದ ಜೋರಾಗಿ ಹಿಂದಕ್ಕೆ ಒದ್ದು ಪಿನ್ ಹಿಡಿದಿದೆಯೇ ನೋಡಿ. ಮೇಲೇರುವಾಗ ಸೀಟು ಹಿಂದಕ್ಕೆ ಜಾರಿದರೆ ಕೈಯಲ್ಲಿರುವ ಯೋಕ್ ಕೂಡ ಹಿಂದಕ್ಕೆ ಬರುತ್ತದೆ, ವಿಮಾನದ ಮೂಗು ಮೇಲಕ್ಕೇಳುತ್ತದೆ. ಪೈಲಟ್‌ಗಳು ಹೀಗೆ ಜೀವ ಕಳೆದುಕೊಂಡಿದ್ದಾರೆ.

ಪ್ಲಕಾರ್ಡುಗಳನ್ನು ಫೋಟೋ ಮತ್ತು ಪಟ್ಟಿ ಎರಡನ್ನೂ ಎದುರಿಟ್ಟುಕೊಂಡು ಅಂಟಿಸಿ.

ಹಂತ 10: ತಪಾಸಣೆ, ಲಾಗ್‌ಬುಕ್, ಮೊದಲ ಹಾರಾಟ

ಯೋಕ್ ಮತ್ತು ಪೆಡಲ್‌ಗಳನ್ನು ಎಲ್ಲ ದಿಕ್ಕಿಗೂ ಕೊನೆಯವರೆಗೆ ಆಡಿಸಿ. ಹೊಸದಾಗಿ ಕೂತ ಮುಖಹೊದಿಕೆಯ ಅಂಚು ಯೋಕ್‌ನ ದಂಡಕ್ಕೆ ತಾಗುವುದು ಇಲ್ಲೇ ಪತ್ತೆಯಾಗಬೇಕು. ಇಂಧನ ಸೆಲೆಕ್ಟರ್ ಪ್ರತಿ ಸ್ಥಾನದಲ್ಲೂ ಟಕ್ಕೆಂದು ಕೂರಬೇಕು. ಟ್ರಿಮ್ ಚಕ್ರ, ಬಾಗಿಲ ಚಿಲಕ, ಬ್ಯಾಟರಿ ಜೋಡಿಸಿದ ಮೇಲೆ ದೀಪಗಳು, ರೇಡಿಯೊ.

ಕಾರ್ಪೆಟ್, ಸೀಟಿನ ಹೊದಿಕೆ, ನಿರೋಧಕ ಪದರವನ್ನೂ ಬದಲಿಸಿದ್ದರೆ ತೆಗೆದದ್ದು, ಹಾಕಿದ್ದು ಎರಡನ್ನೂ ತೂಗಿ. ಈ ಗಾತ್ರದ ವಿಮಾನಕ್ಕೆ ಎಫ್‌ಎಎಯ ಸಲಹಾ ಸುತ್ತೋಲೆ ಎಸಿ 43.13-1ಬಿ ನಗಣ್ಯ ಎಂದು ಬಿಡುವುದು ಒಂದು ಪೌಂಡ್‌ವರೆಗಿನ ವ್ಯತ್ಯಾಸವನ್ನಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ತೂಕ–ಸಮತೋಲನದ ಲೆಕ್ಕ ತಿದ್ದಲು ಮೆಕ್ಯಾನಿಕ್ ಬೇಕು.

ಲಾಗ್‌ಬುಕ್ಕಿನಲ್ಲಿ ಏನು ಮಾಡಿದಿರಿ, ಎಂದು ಮುಗಿಯಿತು, ನಿಮ್ಮ ಸಹಿ, ಸರ್ಟಿಫಿಕೇಟ್ ಸಂಖ್ಯೆ ಮತ್ತು ದರ್ಜೆ ಬರೆಯಿರಿ. "ಒಳಾಂಗಣ ಸರಿಪಡಿಸಿದೆ" ಎಂಬ ಒಂದೇ ಸಾಲು ಬೇಡ. ಯಾವ ಹೊದಿಕೆ, ಯಾವ ಸಾಮಗ್ರಿ, ಯಾವ ಬಣ್ಣ ಎಂಬುದು ಮುಂದಿನ ವಾರ್ಷಿಕ ತಪಾಸಣೆ ಮಾಡುವವರಿಗೆ ತಿಳಿಯಬೇಕು.

ಮೊದಲ ಹಾರಾಟ ಬಿಸಿಲಿರುವ ಹಗಲಿನಲ್ಲಿ, ಒಬ್ಬರೇ, ವಿಮಾನ ನಿಲ್ದಾಣದ ಸುತ್ತಲೇ ಇರಲಿ. ಸೂರ್ಯ ಎದುರಿಗೆ, ಪಕ್ಕಕ್ಕೆ, ಬೆನ್ನಿಗೆ ಬರುವಂತೆ ತಿರುಗಿ ಮುಂಗಾಜಿನಲ್ಲಿ ಪ್ರತಿಬಿಂಬ ನೋಡಿ. ದಿಕ್ಸೂಚಿಯನ್ನು ರನ್‌ವೇಯ ದಿಕ್ಕಿಗೆ ತಾಳೆ ಹಾಕಿ. ಬಿಸಿಲಿಗೆ ಕಾಕ್‌ಪಿಟ್ ಕಾದಾಗ ಬಣ್ಣದ ವಾಸನೆ ತಲೆ ಸುತ್ತುವಷ್ಟು ಎದ್ದರೆ ಗಾಳಿಕಂಡಿ ತೆರೆದು ಇಳಿದುಬಿಡಿ. ಬಾಗಿಲು ತೆರೆದಿಟ್ಟು ಇನ್ನೊಂದು ವಾರ ಹ್ಯಾಂಗರ್‌ನಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ.